ನೆತ್ತಿಯ ಮೇಲೋ, ಒಡಲೊಳಗೋ, ನೆಲದ ಮೇಲೋ: ಗಾಡಿಯೊಂದಿಗೆ ಕಾಡು ಸೇರಿದವರ ರಾತ್ರಿಯ ನೆಲೆ

ಮಲಗುವ ನೆಲೆಯನ್ನು ನಾವು ಆರಿಸುವುದು ಹಗಲು ಬೆಳಕಿನಲ್ಲಿ, ಒಣಗಿದ ಸಮತಟ್ಟು ನೆಲದ ಮೇಲೆ, ದಣಿಯದ ಮೈಯಲ್ಲಿ. ಅದನ್ನು ಬಳಸುವುದಾದರೋ ಇಡೀ ದಿನ ಲೋ ಗೇರಿನಲ್ಲಿ ಕಲ್ಲು, ಕೊರಕಲು, ಕೆಸರುಗಳನ್ನು ದಾಟಿ ಬಂದ ಮೇಲೆ, ಕತ್ತಲು ಕವಿಯುವ ಹೊತ್ತಿನಲ್ಲಿ, ಗಾಳಿಯೋ ಮಳೆಯೋ ಶುರುವಾಗಿರುವಾಗ. ಈ ಎರಡು ಗಳಿಗೆಗಳ ನಡುವಿನ ಅಂತರವನ್ನು ಮರೆತು ಕೊಂಡ ಟೆಂಟು ಎಷ್ಟೇ ದುಬಾರಿಯದಾಗಿದ್ದರೂ ಎರಡನೆಯ ಪ್ರವಾಸದ ಹೊತ್ತಿಗೆ ಅಟ್ಟ ಸೇರುತ್ತದೆ.

ಗಾಡಿಯ ಚಾವಣಿಯ ಮೇಲೆ ಬಿಚ್ಚಿಕೊಳ್ಳುವ ರೂಫ್‌ಟಾಪ್ ಟೆಂಟ್, ನೆಲದಲ್ಲಿ ಹೂಡುವ ಟೆಂಟ್, ಹಿಂದಿನ ಸೀಟು ಮಡಿಸಿ ಒಳಗೇ ಹಾಸುವ ಹಾಸಿಗೆ, ಮರಕ್ಕೆ ಕಟ್ಟುವ ತೂಗುಹಾಸಿಗೆ, ಹಿಂದೆ ಎಳೆದೊಯ್ಯುವ ಟ್ರೈಲರ್ ಎಂದು ಬಗೆಗಳು ಹಲವಿದ್ದರೂ ಅವುಗಳ ಅಡಿಯಲ್ಲಿರುವ ಪ್ರಶ್ನೆ ಒಂದೇ: ಹಾಸಿಗೆ ಗಾಡಿಗೆ ಅಂಟಿಕೊಂಡಿರಬೇಕೇ, ಅಥವಾ ಬಿಡಿಯಾಗಿರಬೇಕೇ? ಅಂಟಿಕೊಂಡಿದ್ದರೆ ಗಾಡಿ ನಿಂತಲ್ಲೇ ಮನೆ. ಆದರೆ ಗಾಡಿ ಹೊರಟರೆ ಮನೆಯೂ ಹೊರಡಬೇಕು, ಮನೆಯ ಭಾರವನ್ನು ಗಾಡಿ ಹಗಲೆಲ್ಲ ಹೊರಬೇಕು. ಬಿಡಿಯಾಗಿದ್ದರೆ ಗಾಡಿಗೆ ಸ್ವಾತಂತ್ರ್ಯ ಉಂಟು, ನಮಗೆ ಮಾತ್ರ ಪ್ರತಿ ಸಂಜೆ ಗೂಟ ಹೊಡೆಯುವ ಕೆಲಸ ತಪ್ಪುವುದಿಲ್ಲ. ಉಳಿದ ಅನುಕೂಲ, ಅನನುಕೂಲಗಳೆಲ್ಲ ಹೆಚ್ಚುಕಡಿಮೆ ಇದರಿಂದಲೇ ಹುಟ್ಟುತ್ತವೆ.

ಇತ್ತೀಚಿನ ವರ್ಷಗಳಲ್ಲಿ ಎಲ್ಲರ ಕಣ್ಣು ಹೋಗುವುದು ರೂಫ್‌ಟಾಪ್ ಟೆಂಟಿನ ಕಡೆಗೆ, ಆದ್ದರಿಂದ ಅದರಿಂದಲೇ ಆರಂಭಿಸೋಣ. ಇದು ಹೊಸ ಕಲ್ಪನೆಯೇನೂ ಅಲ್ಲ. ಇಟಲಿಯಲ್ಲಿ 1950ರ ದಶಕದಲ್ಲೇ ಪುಟ್ಟ ಕಾರುಗಳ ಮೇಲೆ ಇಂಥವು ಏರಿದ್ದವು. ಇವುಗಳಲ್ಲಿ ಎರಡು ಬಗೆ. ಒಂದು, ಪುಸ್ತಕದಂತೆ ಮಡಿಸಿಕೊಳ್ಳುವ ಬಟ್ಟೆಯ ಟೆಂಟು. ಬಿಚ್ಚಿದಾಗ ಅದರ ಅರ್ಧ ಭಾಗ ಗಾಡಿಯಿಂದ ಹೊರಚಾಚಿ ಏಣಿಯ ಮೇಲೆ ನಿಲ್ಲುತ್ತದೆ, ಜಾಗ ವಿಶಾಲವಾಗಿರುತ್ತದೆ. ಇನ್ನೊಂದು, ಫೈಬರ್ ಅಥವಾ ಅಲ್ಯೂಮಿನಿಯಂ ಗಟ್ಟಿ ಕವಚದ್ದು. ಕೊಂಡಿ ತೆಗೆದರೆ ಗ್ಯಾಸ್ ಸ್ಟ್ರಟ್‌ಗಳ (ಒತ್ತಡದ ಅನಿಲ ತುಂಬಿದ ಕೊಳವೆಗಳ) ಬಲದಿಂದ ತಾನಾಗಿ ಮೇಲೇಳುತ್ತದೆ, ಒಂದೆರಡು ನಿಮಿಷದಲ್ಲಿ ಸಿದ್ಧ, ಆದರೆ ಸಾಮಾನ್ಯವಾಗಿ ಅಗಲ ಕಡಿಮೆ. ಎರಡರಲ್ಲೂ ಹಾಸಿಗೆ ಒಳಗೇ ಇರುವುದು ದೊಡ್ಡ ಸುಖ. ಕೆಸರಾಗಲಿ, ಇರುವೆ, ಚೇಳುಗಳಾಗಲಿ, ನೆಲದ ಮೇಲೆ ಹರಿಯುವ ಮಳೆನೀರಾಗಲಿ ಅಲ್ಲಿಗೆ ಮುಟ್ಟುವುದಿಲ್ಲ.

ತೊಡಕು ಇರುವುದು ತೂಕದಲ್ಲಿ. ಇಬ್ಬರು ಮಲಗುವ ರೂಫ್‌ಟಾಪ್ ಟೆಂಟುಗಳು ಬಹುಪಾಲು 50ರಿಂದ 90 ಕೆ.ಜಿ. ತೂಗುತ್ತವೆ. ಗಾಡಿಯ ಚಾವಣಿ ಎಷ್ಟು ಹೊರಬಲ್ಲದು ಎಂಬುದಕ್ಕೆ ಎರಡು ಲೆಕ್ಕಗಳಿವೆ, ಅವೆರಡನ್ನೂ ಬೆರೆಸಿಕೊಳ್ಳುವುದೇ ಹೊಸಬರು ಮಾಡುವ ಮೊದಲ ತಪ್ಪು. ಗಾಡಿ ಓಡುತ್ತಿರುವಾಗ ಚಾವಣಿಯ ಮೇಲೆ ಇರಬಹುದಾದ ಭಾರ ಒಂದು. ಗಾಡಿ ನಿಂತಿರುವಾಗ ತಾಳಬಲ್ಲ ಭಾರ ಇನ್ನೊಂದು. ನಿಂತ ಗಾಡಿಯಲ್ಲಿ ಭಾರವು ಕಂಬಗಳ ಮೂಲಕ ನೇರವಾಗಿ ಕೆಳಗಿಳಿಯುತ್ತದೆ. ಓಡುವ ಗಾಡಿಯಲ್ಲಾದರೆ ಪ್ರತಿ ಗುಂಡಿಯಲ್ಲೂ ಅದೇ ಭಾರ ಎತ್ತಿ ಕುಕ್ಕುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ ತಳ್ಳುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಎಳೆಯುತ್ತದೆ. ಆದ್ದರಿಂದಲೇ ನಿಂತಾಗಿನ ಮಿತಿ ಓಡುವಾಗಿನ ಮಿತಿಗಿಂತ ಬಹಳ ಹೆಚ್ಚು. ಈಗಿನ ಲ್ಯಾಂಡ್ ರೋವರ್ ಡಿಫೆಂಡರ್ 110 ಗಾಡಿಗೆ ತಯಾರಕರು ಕೊಟ್ಟಿರುವ ಅಂಕಿಗಳು ಓಡುವಾಗ 168 ಕೆ.ಜಿ., ನಿಂತಾಗ 300 ಕೆ.ಜಿ. ಇದಕ್ಕೆ ಎದುರಾಗಿ ಆಸ್ಟ್ರೇಲಿಯಾದಲ್ಲಿ ಮಾರಾಟವಾಗುವ ಸುಜುಕಿ ಜಿಮ್ನಿಯ ಚಾವಣಿಯ ಮಿತಿ 30 ಕೆ.ಜಿ. ಮಾತ್ರ. ಕಲ್ಲುದಾರಿ ಹತ್ತುವುದರಲ್ಲಿ ಜಿಮ್ನಿ ಯಾರಿಗೂ ಕಡಿಮೆಯಲ್ಲ, ಆದರೆ ಅದರ ನೆತ್ತಿಯ ಮೇಲೆ ಸಾಮಾನ್ಯ ರೂಫ್‌ಟಾಪ್ ಟೆಂಟನ್ನು ಕೂರಿಸುವುದು ಲೆಕ್ಕಕ್ಕೆ ಕೂಡಿಬರುವ ಮಾತಲ್ಲ.

ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಓಡುವಾಗಿನ ಮಿತಿ 100 ಕೆ.ಜಿ. ಇರುವ ಗಾಡಿ ಎಂದುಕೊಳ್ಳಿ. ಟೆಂಟನ್ನು ಕೂರಿಸುವ ಚಾವಣಿಯ ಚೌಕಟ್ಟು, ಅಂದರೆ ರೂಫ್ ರ‍್ಯಾಕ್ 30 ಕೆ.ಜಿ., ಟೆಂಟು 65 ಕೆ.ಜಿ.; ಉಳಿದದ್ದು 5 ಕೆ.ಜಿ. ಮಾತ್ರ. ಟೆಂಟಿನೊಳಗೇ ಮಡಿಸಿಟ್ಟ ಹೊದಿಕೆ, ದಿಂಬು, ಪಕ್ಕಕ್ಕೆ ಬಿಗಿದ ಸಲಿಕೆ ಇವುಗಳಿಗೇ ಅದು ಮುಗಿಯುತ್ತದೆ. ರ‍್ಯಾಕಿನ ತೂಕವನ್ನು ಮಿತಿಯೊಳಗೇ ಸೇರಿಸಬೇಕೆಂಬುದನ್ನು ಅನೇಕರು ಮರೆಯುತ್ತಾರೆ. ಇನ್ನೂ ಮುಖ್ಯವಾದುದೆಂದರೆ, ಗಾಡಿ, ರ‍್ಯಾಕ್, ಅದನ್ನು ಹಿಡಿದಿರುವ ಕ್ಲ್ಯಾಂಪು ಇವುಗಳಿಗೆ ಬೇರೆ ಬೇರೆ ಮಿತಿಗಳಿರುತ್ತವೆ. ಅವುಗಳಲ್ಲಿ ಅತಿ ಕಡಿಮೆಯದೇ ನಿಮ್ಮ ಮಿತಿ. ಡಾಂಬರು ರಸ್ತೆ ಬಿಟ್ಟ ಮೇಲೆ ಈ ಮಿತಿಯನ್ನು ಇನ್ನಷ್ಟು ಇಳಿಸಿಕೊಳ್ಳಬೇಕೆಂದು ಕೈಪಿಡಿಯಲ್ಲಿ ಬರೆದಿರುವುದೂ ಉಂಟು. ಇವೆಲ್ಲದರ ಮೇಲೆ ಇಡೀ ಗಾಡಿಯ ಒಟ್ಟು ತೂಕದ ಮಿತಿ ಇದ್ದೇ ಇದೆ. ಜನ, ಇಂಧನ, ನೀರು, ಸಾಮಾನುಗಳ ಜೊತೆಗೆ ಟೆಂಟೂ ಅದರಲ್ಲಿ ಪಾಲು ಕೇಳುತ್ತದೆ.

ಅಂಕಿ ಸರಿಹೋದರೂ ಭಾರ ಕುಳಿತಿರುವ ಎತ್ತರ ಬದಲಾಗುವುದಿಲ್ಲ. ಅರುವತ್ತು ಕೆ.ಜಿ. ಭಾರ ಗಾಡಿಯ ತಳದಲ್ಲಿದ್ದರೆ ಗೊತ್ತೇ ಆಗುವುದಿಲ್ಲ. ಅದೇ ಭಾರ ನೆತ್ತಿಯ ಮೇಲಿದ್ದರೆ ಗಾಡಿಯ ಗುರುತ್ವ ಕೇಂದ್ರ ಮೇಲೇರುತ್ತದೆ, ಪಕ್ಕಕ್ಕೆ ವಾಲಿದ ದಾರಿಯಲ್ಲಿ ಮಗುಚುವ ಅಂಚು ಹತ್ತಿರವಾಗುತ್ತದೆ. ಒಂದು ಚಕ್ರ ಕಲ್ಲಿನ ಮೇಲೇರಿ ಎದುರು ಪಕ್ಕದ ಚಕ್ರ ಕೊರಕಲಿಗೆ ಇಳಿದಾಗ, ಮೇಲಿನ ಭಾರ ಒಂದು ಕ್ಷಣ ತಡವಾಗಿ ಪಕ್ಕಕ್ಕೆ ತೂಗುವುದು ಸ್ಟೀರಿಂಗ್ ಹಿಡಿದವರ ಸೊಂಟಕ್ಕೆ ಸ್ಪಷ್ಟವಾಗಿ ತಿಳಿಯುತ್ತದೆ. ಎತ್ತರ ಹೆಚ್ಚಿದ್ದರಿಂದ ತಗ್ಗಿದ ಕೊಂಬೆಗಳು ತಾಗುತ್ತವೆ, ಗಾಳಿಯ ತಡೆ ಹೆಚ್ಚಿ ಇಂಧನ ಹೆಚ್ಚು ಸುಡುತ್ತದೆ.

ಮಲಗುವ ಹೊತ್ತಿಗೆ ಇನ್ನೊಂದು ಸಂಗತಿ ಎದುರಾಗುತ್ತದೆ: ಗಾಡಿ ಹೇಗೆ ನಿಂತಿದೆಯೋ ಹಾಸಿಗೆಯೂ ಹಾಗೆಯೇ ನಿಂತಿರುತ್ತದೆ. ನಾನು ಮೊದಲ ಸಲ ರೂಫ್‌ಟಾಪ್ ಟೆಂಟಿನಲ್ಲಿ ಮಲಗಿದಾಗ ಜಾಗ ಸಮತಟ್ಟಾಗಿದೆಯೆಂದೇ ನಂಬಿದ್ದೆ. ರಾತ್ರಿಯಿಡೀ ಜಾರಿ ಕಾಲ ಬುಡದ ಬಟ್ಟೆಗೆ ಒತ್ತಿಕೊಂಡು, ಬೆಳಗಿನ ಹೊತ್ತಿಗೆ ಮಂಡಿ ಮಡಿಸಿದ ಮುದ್ದೆಯಾಗಿದ್ದೆ. ಆಮೇಲೆ ಕಲಿತದ್ದು ಇಷ್ಟು: ಅರ್ಧ ನೀರಿರುವ ಬಾಟಲಿಯನ್ನು ಬಾನೆಟ್ಟಿನ ಮೇಲಲ್ಲ, ಹಾಸಿಗೆಯ ಹಲಗೆಯ ಮೇಲೇ ಅಡ್ಡ ಮಲಗಿಸಿ ನೀರಿನ ಗೆರೆ ನೋಡಬೇಕು, ತಗ್ಗಿರುವ ಚಕ್ರದಡಿ ಚಪ್ಪಟೆ ಕಲ್ಲು ಕೊಟ್ಟು ಸರಿಪಡಿಸಬೇಕು, ಪೂರ್ತಿ ಸರಿಹೋಗದಿದ್ದರೆ ತಲೆಯ ಕಡೆ ಎತ್ತರ ಇರುವಂತೆ ನೋಡಿಕೊಳ್ಳಬೇಕು. ಇದರ ಜೊತೆಗೆ ಏಣಿಯ ಮಾತೂ ಇದೆ. ರಾತ್ರಿ ಎರಡು ಗಂಟೆಗೆ, ಮಳೆಯಲ್ಲಿ, ನಿದ್ದೆಗಣ್ಣಿನಲ್ಲಿ, ಒದ್ದೆ ಮೆಟ್ಟಿಲುಗಳ ಮೇಲೆ ಬರಿಗಾಲಿನಲ್ಲಿ ಇಳಿಯಬೇಕಾದವರು ಯಾರು ಎಂದು ಕೊಳ್ಳುವ ಮೊದಲೇ ಯೋಚಿಸಬೇಕು. ಮಂಡಿ ನೋವಿರುವ ಹಿರಿಯರಿಗೂ ಚಿಕ್ಕ ಮಕ್ಕಳಿಗೂ ಅದು ಸಣ್ಣ ಸಂಗತಿಯಲ್ಲ.

ಮೇಲೆ ಮಲಗಿದರೆ ಪ್ರಾಣಿಗಳ ಭಯವಿಲ್ಲ ಎಂಬ ಮಾತನ್ನು ಅರ್ಧ ಮಾತ್ರ ನಂಬಬೇಕು. ಹರಿದಾಡುವ ಜೀವಿಗಳಿಂದ ಅದು ಬಹುಮಟ್ಟಿಗೆ ಕಾಪಾಡುತ್ತದೆ. ಆನೆಗೆ ಎರಡು ಮೀಟರ್ ಎತ್ತರ ಎತ್ತರವೇ ಅಲ್ಲ. ಕರಡಿ, ಚಿರತೆಗಳಿಗೆ ಗಾಡಿಯ ಮೇಲೇರುವುದು ಕಷ್ಟವಲ್ಲ. ಅಂಥ ಕಾಡಿನಲ್ಲಿ ಕಾಪಾಡುವುದು ಟೆಂಟಿನ ಎತ್ತರಕ್ಕಿಂತ ಹೆಚ್ಚಾಗಿ ಆಹಾರವನ್ನೂ ವಾಸನೆ ಬೀರುವ ವಸ್ತುಗಳನ್ನೂ ಮಲಗುವ ಜಾಗದಿಂದ ದೂರವಿಡುವ ಶಿಸ್ತು.

ಇನ್ನು ನೆಲದ ಟೆಂಟು. ನನ್ನ ಅಭಿಪ್ರಾಯದಲ್ಲಿ, ಹೊಸದಾಗಿ ಶುರುಮಾಡುವ ಹೆಚ್ಚಿನವರಿಗೆ ಒಂದು ಒಳ್ಳೆಯ ನೆಲದ ಟೆಂಟೇ ಸರಿಯಾದ ಮೊದಲ ಆಯ್ಕೆ. ಅದನ್ನು ಹೂಡಿಟ್ಟು ಗಾಡಿಯಲ್ಲಿ ದಿನವಿಡೀ ಸುತ್ತಿ ಬರಬಹುದು. ರೂಫ್‌ಟಾಪ್ ಟೆಂಟಿನವರು ಹತ್ತು ಕಿಲೋಮೀಟರ್ ದೂರದ ನೀರಿಗೆ ಹೋಗಬೇಕಾದರೂ ಮನೆಯನ್ನೇ ಮಡಿಸಬೇಕು. ಗಾಡಿ ಕೆಟ್ಟು ನಿಂತರೆ ಟೆಂಟನ್ನು ಹೆಗಲಿಗೇರಿಸಿ ನಡೆಯಬಹುದು. ಗಾಡಿಯನ್ನು ಒಂದು ಕಡೆ ನಿಲ್ಲಿಸಿ, ನಿಜವಾಗಿ ಸಮತಟ್ಟಾದ, ಗಾಳಿ ಮರೆಯಾದ ಜಾಗ ಐವತ್ತು ಹೆಜ್ಜೆ ದೂರದಲ್ಲಿದ್ದರೆ ಅಲ್ಲಿಗೆ ಹೋಗಿ ಮಲಗುವ ಸ್ವಾತಂತ್ರ್ಯವೂ ಇದಕ್ಕೆ ಮಾತ್ರ ಉಂಟು.

ಟೆಂಟಿನ ಆಕಾರ ನೋಡುವಾಗ ಗಾಳಿಯನ್ನು ನೆನಪಿಡಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 30 ಕಿ.ಮೀ. ಗಾಳಿಯಲ್ಲಿ ಸುಮ್ಮನೆ ಪಟಪಟಿಸುವ ಬಟ್ಟೆ 60 ಕಿ.ಮೀ. ಗಾಳಿಯಲ್ಲಿ ಕಡ್ಡಿ ಮುರಿಯಬಲ್ಲದು. ಒಳಗೆ ಎದ್ದು ನಿಲ್ಲಬಹುದಾದ, ಗೋಡೆ ನೆಟ್ಟಗಿರುವ ದೊಡ್ಡ ಟೆಂಟುಗಳು ಮರಗಳ ಮರೆಯಲ್ಲಿ ಚೆನ್ನ, ಬಯಲಿನಲ್ಲಿ ಅವು ಹಾಯಿಯಾಗುತ್ತವೆ. ಗುಮ್ಮಟದ ಆಕಾರದ, ಕಡ್ಡಿಗಳು ಒಂದನ್ನೊಂದು ಹಲವು ಕಡೆ ದಾಟುವ ಟೆಂಟು ಎಲ್ಲ ದಿಕ್ಕಿನ ಗಾಳಿಗೂ ತಡೆದುಕೊಳ್ಳುತ್ತದೆ, ಗೂಟವಿಲ್ಲದೆಯೂ ತನ್ನ ಆಕಾರದಲ್ಲಿ ನಿಲ್ಲುತ್ತದೆ. ಸುರಂಗದ ಆಕಾರದ್ದು ಹಗುರ ಮತ್ತು ವಿಶಾಲ, ಆದರೆ ಗೂಟ ನಾಟದ ಬಂಡೆಯ ಮೇಲೆ ಅದು ನಿಲ್ಲುವುದೇ ಇಲ್ಲ. ತಾನಾಗಿ ನಿಲ್ಲುವ ಟೆಂಟಿಗೂ ಗೂಟ ಬೇಕೇ ಬೇಕು. ಮರಳಿನಲ್ಲಿ ಅಗಲವಾದವು, ಗಟ್ಟಿ ನೆಲದಲ್ಲಿ ಸುತ್ತಿಗೆಯ ಏಟು ತಾಳುವ ಉಕ್ಕಿನವು, ಬಂಡೆಯ ಮೇಲೆ ಗೂಟದ ಬದಲು ಹಗ್ಗ ಸುತ್ತಿದ ದಪ್ಪ ಕಲ್ಲುಗಳು.

ಬಟ್ಟೆಯ ವಿಷಯ ಇನ್ನೂ ಸ್ವಾರಸ್ಯದ್ದು. ನೈಲಾನ್ ಹಗುರ, ಆದರೆ ಒದ್ದೆಯಾದಾಗ ಸಡಿಲಗೊಂಡು ಜೋಲುತ್ತದೆ. ಪಾಲಿಯೆಸ್ಟರ್ ಅಷ್ಟು ಜೋಲುವುದಿಲ್ಲ, ಬಿಸಿಲಿನ ನೇರಳಾತೀತ ಕಿರಣಗಳಿಗೂ ಹೆಚ್ಚು ಕಾಲ ತಡೆಯುತ್ತದೆ. ಹತ್ತಿ ಬೆರೆತ ಕ್ಯಾನ್ವಾಸ್ ಭಾರವಾದದ್ದು, ಆದರೆ ಗಾಡಿಯಲ್ಲಿ ಹೋಗುವವರಿಗೆ ಅದು ನಡೆಯುವವರಿಗೆ ಆದಷ್ಟು ಹೊರೆಯಲ್ಲ. ನೂಲು ನೀರು ಕುಡಿದು ಉಬ್ಬಿ ನೇಯ್ಗೆಯ ಸಂದುಗಳನ್ನು ಮುಚ್ಚಿಕೊಳ್ಳುತ್ತದೆ, ಹೀಗಾಗಿ ಹೊಸ ಕ್ಯಾನ್ವಾಸನ್ನು ಒಂದೆರಡು ಸಲ ಚೆನ್ನಾಗಿ ನೆನೆಸಿ ಒಣಗಿಸಿದ ಮೇಲೆಯೇ ಮಳೆಗೆ ಒಡ್ಡಬೇಕು. ಅದು ಉಸಿರಾಡುವ ಬಟ್ಟೆಯಾದ್ದರಿಂದ ಒಳಗಿನ ಹಬೆ ಸ್ವಲ್ಪ ಮಟ್ಟಿಗೆ ಹೊರಹೋಗುತ್ತದೆ. ಲೇಬಲ್ಲಿನ ಮೇಲೆ 1500 ಮಿ.ಮೀ., 3000 ಮಿ.ಮೀ. ಎಂದು ಬರೆದಿರುವುದು ಮಳೆಯ ಪ್ರಮಾಣವಲ್ಲ; ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ನೀರು ಒಸರುವುದಿಲ್ಲ ಎಂದು ಅರ್ಥ. ಚಾವಣಿಗೆ 1500 ಸಾಕೆನಿಸಿದರೂ ತಳಕ್ಕೆ ಅದರ ಎರಡರಷ್ಟಾದರೂ ಇರಲಿ, ಏಕೆಂದರೆ ಒದ್ದೆ ನೆಲದ ಮೇಲೆ ಮಂಡಿಯೂರಿದಾಗ ಬೀಳುವ ಒತ್ತಡ ಮಳೆಹನಿಯದಕ್ಕಿಂತ ಬಹಳ ಹೆಚ್ಚು. ಅಂದಹಾಗೆ, ನಾಲ್ಕು ಜನರ ಟೆಂಟು ಎಂದರೆ ನಾಲ್ವರು ಭುಜಕ್ಕೆ ಭುಜ ತಾಗಿಸಿ, ಚೀಲವಿಲ್ಲದೆ ಮಲಗಬಹುದು ಎಂದಷ್ಟೇ ತಿಳಿಯಬೇಕು. ನಿಮ್ಮ ಸಂಖ್ಯೆಗೆ ಒಂದು ಕೂಡಿಸಿ ಕೊಳ್ಳಿ.

ಆಸ್ಟ್ರೇಲಿಯಾದವರು ಸ್ವ್ಯಾಗ್ ಎನ್ನುವ, ಹಾಸಿಗೆ ಸಮೇತ ಸುರುಳಿ ಸುತ್ತಿಡುವ ಕ್ಯಾನ್ವಾಸ್ ಚೀಲವೂ ಇದೇ ಕುಲದ್ದು. ಒಣ ಪ್ರದೇಶದಲ್ಲಿ ಒಬ್ಬರೇ ಹೋಗುವವರಿಗೆ ಅದಕ್ಕಿಂತ ಸರಳವಾದುದು ಇಲ್ಲ, ಆದರೆ ದಿನವಿಡೀ ಸುರಿಯುವ ಮಳೆಯಲ್ಲಿ ಕುಳಿತುಕೊಳ್ಳಲೂ ಅದರೊಳಗೆ ಜಾಗವಿಲ್ಲ. ತೂಗುಹಾಸಿಗೆಗೆ ಸಮತಟ್ಟು ನೆಲವೇ ಬೇಡ, ಗಟ್ಟಿ ಮರಗಳು ಎರಡು ಸಾಕು. ಅದರ ಹಗ್ಗ ಅಡ್ಡಗೆರೆಯಿಂದ 30 ಡಿಗ್ರಿ ಇಳಿಜಾರಿನಲ್ಲಿದ್ದರೆ ಪ್ರತಿ ತುದಿಯ ಎಳೆತ ಮಲಗಿದವರ ತೂಕದಷ್ಟೇ ಇರುತ್ತದೆ. ಬಿಗಿಯಾಗಿರಲಿ ಎಂದು 10 ಡಿಗ್ರಿಗೆ ಎಳೆದು ಕಟ್ಟಿದರೆ ಅದು ತೂಕದ ಮೂರು ಪಟ್ಟಿಗೆ ಹತ್ತಿರ ಹೋಗುತ್ತದೆ. ಮರ ಒಂದೇ ಇದ್ದಾಗ ಇನ್ನೊಂದು ತುದಿಯನ್ನು ರೂಫ್ ರ‍್ಯಾಕಿಗೆ ಕಟ್ಟುವವರು ಈ ಲೆಕ್ಕವನ್ನು ನೆನಪಿಡಬೇಕು, ಏಕೆಂದರೆ ರ‍್ಯಾಕ್ ಕೆಳಮುಖದ ಭಾರಕ್ಕಾಗಿ ಮಾಡಿದ್ದು, ಪಕ್ಕದ ಎಳೆತಕ್ಕಲ್ಲ.

ಗಾಡಿಯೊಳಗೇ ಮಲಗುವುದನ್ನು ಬಹಳ ಜನ ಬಡ ಆಯ್ಕೆಯೆಂದು ತಳ್ಳಿಹಾಕುತ್ತಾರೆ. ಒಬ್ಬರೋ ಇಬ್ಬರೋ ಇದ್ದು, ಪ್ರತಿ ರಾತ್ರಿ ಹೊಸ ಜಾಗದಲ್ಲಿ ತಂಗುವುದಾದರೆ ನನಗೆ ಇದೇ ಇಷ್ಟ. ಹೂಡುವುದಿಲ್ಲ, ಮಡಿಸುವುದಿಲ್ಲ, ಬಿರುಗಾಳಿ ಬಂದರೂ ಹಾರುವುದಿಲ್ಲ, ಬೆಳಿಗ್ಗೆ ಚಕ್ರದ ಬುಡ ನೋಡಿ ಹೊರಟರಾಯಿತು. ಗುಡುಗು ಮಿಂಚಿನ ಹೊತ್ತಿನಲ್ಲಿ ಲೋಹದ ಗಟ್ಟಿ ಚಾವಣಿಯ ಗಾಡಿಯೊಳಗೆ ಕಿಟಕಿ ಮುಚ್ಚಿ ಕುಳಿತವರು, ಯಾವ ಟೆಂಟಿನಲ್ಲಿರುವವರಿಗಿಂತಲೂ ಸುರಕ್ಷಿತರು, ಏಕೆಂದರೆ ಮಿಂಚಿನ ವಿದ್ಯುತ್ತು ಲೋಹದ ಹೊರಮೈಯಲ್ಲೇ ಹರಿದು ನೆಲ ಸೇರುತ್ತದೆ. ರೂಫ್‌ಟಾಪ್ ಟೆಂಟಿನಲ್ಲಿ ಮಲಗಿದವರು ಅಂಥ ರಾತ್ರಿ ಕೆಳಗಿಳಿದು ಗಾಡಿಯೊಳಗೇ ಸೇರಬೇಕು.

ಇದಕ್ಕೆ ಬೇಕಾದುದು ಉದ್ದ. ಅಂಗಾತ ಮಲಗಿ ಪಾದ ಚಾಚಲು ನಿಮ್ಮ ಎತ್ತರಕ್ಕಿಂತ ಹತ್ತು ಹದಿನೈದು ಸೆಂಟಿಮೀಟರ್ ಹೆಚ್ಚು ಬೇಕು, ಒಬ್ಬೊಬ್ಬರಿಗೆ ಅರುವತ್ತು ಸೆಂಟಿಮೀಟರ್ ಅಗಲವಾದರೂ ಇರಬೇಕು. ಟೇಪ್ ಹಿಡಿದು ಅಳೆಯುವಾಗ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ಸರಿಸಿ, ಬಾಗಿಲು ಮುಚ್ಚಿ ಅಳೆಯಿರಿ. ಹಿಂಬಾಗಿಲಿನ ಗಾಜು ಒಳಕ್ಕೆ ವಾಲಿರುವುದರಿಂದ ಹಾಸಿಗೆಯ ಮಟ್ಟದಲ್ಲಿ ಸಿಗುವ ಉದ್ದ ನೆಲದ ಮಟ್ಟದ್ದಕ್ಕಿಂತ ಕಡಿಮೆ. ಪ್ಲೈವುಡ್ ಹಲಗೆ ಹೊಡೆದು ಅಡಿಯಲ್ಲಿ ಪೆಟ್ಟಿಗೆಗಳಿಗೆ ಜಾಗ ಮಾಡಿಕೊಂಡರೆ ಸಾಮಾನಿನ ಸಮಸ್ಯೆ ತೀರುತ್ತದೆ, ಆದರೆ ಹಲಗೆ ಎತ್ತರವಾದಷ್ಟೂ ಎದ್ದು ಕೂರಲು ಉಳಿಯುವ ಎತ್ತರ ಕುಗ್ಗುತ್ತದೆ. ಹಲಗೆಯನ್ನು ಬಿಗಿಯಾಗಿ ಬೋಲ್ಟ್ ಮಾಡಿರಲೇಬೇಕು. ಹಠಾತ್ ಬ್ರೇಕ್ ಹಾಕಿದಾಗ ಅದು ಮುಂದಿನವರ ಬೆನ್ನಿಗೆ ಬರಬಾರದು.

ಒಳಗೆ ಮಲಗಿದವರ ದೊಡ್ಡ ಕಾಟ ತೇವ. ಇಬ್ಬರು ರಾತ್ರಿಯಿಡೀ ಉಸಿರಾಡಿದರೆ ಲೋಟಗಟ್ಟಲೆ ನೀರು ಹಬೆಯಾಗಿ ಹೊರಬರುತ್ತದೆ. ಗಾಜು, ಲೋಹಗಳು ತಣ್ಣಗಿರುವುದರಿಂದ ಅದು ಅವುಗಳ ಮೇಲೆ ಹನಿಗಟ್ಟುತ್ತದೆ. ಬೆಳಗಿನ ಜಾವ ಚಾವಣಿಯಿಂದ ಒಂದು ತಣ್ಣನೆ ಹನಿ ಹಣೆಯ ಮೇಲೆ ಬಿದ್ದು ಎಚ್ಚರವಾಗುವುದು, ಹಾಸಿಗೆಯ ಅಡಿಗೆ ಕೈ ಹಾಕಿದರೆ ಅಂಗೈ ಒದ್ದೆಯಾಗುವುದು, ಇವು ಗಾಳಿ ಸಾಲದೆಂಬುದರ ಗುರುತು. ಎದುರುಬದುರಿನ ಎರಡು ಕಿಟಕಿಗಳನ್ನು ಎರಡು ಬೆರಳಿನಷ್ಟು ಇಳಿಸಿ, ಸೊಳ್ಳೆಪರದೆ ಹಾಕಿ, ಮೇಲೆ ಮಳೆಗಾಪು ಇದ್ದರೆ ಅರ್ಧ ತೊಂದರೆ ಕಳೆಯಿತು. ರೂಫ್‌ಟಾಪ್ ಟೆಂಟಿನ ಹಾಸಿಗೆಯ ಅಡಿಯಲ್ಲೂ ಇದೇ ಕಾಟವಿದೆ, ಅದಕ್ಕಾಗಿ ಅಡಿಗೆ ಗಾಳಿಯಾಡುವ ಜಾಲರಿ ಚಾಪೆ ಹಾಸುತ್ತಾರೆ. ಚಳಿಯೆಂದು ಎಲ್ಲ ಮುಚ್ಚಿ ಒಳಗೆ ಒಲೆ ಹಚ್ಚುವುದಾಗಲಿ, ಎಂಜಿನ್ ಓಡಿಸಿ ಹೀಟರ್ ಹಾಕಿ ಮಲಗುವುದಾಗಲಿ ಎಂದಿಗೂ ಕೂಡದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರನ್ನು ಎಚ್ಚರಿಸದೆಯೇ ಕೊಲ್ಲುತ್ತದೆ. ಹಿಮದಲ್ಲೋ ಕೆಸರಿನಲ್ಲೋ ಸೈಲೆನ್ಸರ್ ಬಾಯಿ ಮುಚ್ಚಿಕೊಂಡಿದ್ದರೆ ಅಪಾಯ ಇನ್ನೂ ಹೆಚ್ಚು.

ಟ್ರೈಲರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಕಡೆ ವಾರ ತಂಗುವ ಕುಟುಂಬಕ್ಕೆ ಅದು ಅರಮನೆ, ಅದನ್ನು ಅಲ್ಲೇ ಬಿಟ್ಟು ಗಾಡಿಯಲ್ಲಿ ಸುತ್ತಿ ಬರಲೂಬಹುದು. ಕಿರಿದಾದ ಕಾಡುದಾರಿ ಮುಂದೆ ಮುಚ್ಚಿಹೋಗಿದೆ ಎಂದು ಗೊತ್ತಾದಾಗ ಅದನ್ನು ಅರ್ಧ ಕಿಲೋಮೀಟರ್ ಹಿಮ್ಮುಖವಾಗಿ ತರುವುದನ್ನು ಒಮ್ಮೆ ಕಲ್ಪಿಸಿಕೊಂಡು ತೀರ್ಮಾನಿಸಿ.

ಯಾವ ನೆಲೆಯನ್ನೇ ಆರಿಸಿದರೂ ಚಳಿಯನ್ನು ತಡೆಯುವುದು ಗೋಡೆಯಲ್ಲ, ಹಾಸು. ಮೈಯ ಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ಅಡಿಭಾಗದ ನಾರು ಅಥವಾ ಗರಿ ಒತ್ತಿಹೋಗಿ ಶಾಖ ಹಿಡಿಯುವ ಗುಣ ಕಳೆದುಕೊಳ್ಳುತ್ತದೆ, ಕೆಳಗಿನ ಚಳಿಗೆ ಎದುರಾಗುವುದು ಮ್ಯಾಟ್ ಒಂದೇ. ಆ ಶಕ್ತಿಯನ್ನು ಆರ್-ವ್ಯಾಲ್ಯೂ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಮೊದಲು ತಯಾರಕರು ತಮ್ಮ ತಮ್ಮ ರೀತಿಯಲ್ಲಿ ಅಳೆಯುತ್ತಿದ್ದರು. 2018ರಲ್ಲಿ ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ಎಎಸ್‌ಟಿಎಂನಿಂದ ಎಫ್3340 ಎಂಬ ಸಮಾನ ಪರೀಕ್ಷಾ ಮಾನದಂಡ ಬಂದ ಮೇಲೆ ಆ ಪ್ರಕಾರ ಅಳೆದ ಮ್ಯಾಟುಗಳನ್ನು ಒಂದರೊಡನೆ ಒಂದು ಹೋಲಿಸಬಹುದು. ಬೇಸಿಗೆಗೆ 1 ಅಥವಾ 2 ಸಾಕು, ಚಳಿಗಾಲಕ್ಕೆ 4ರ ಮೇಲೆ ಬೇಕು, ಹಿಮದ ಮೇಲಾದರೆ 5 ದಾಟಿರಲಿ. ಎರಡು ಮ್ಯಾಟ್ ಒಂದರ ಮೇಲೊಂದು ಹಾಕಿದರೆ ಸಂಖ್ಯೆಗಳನ್ನು ನೇರವಾಗಿ ಕೂಡಿಸಬಹುದು. ಮನೆಯಲ್ಲಿ ಅತಿಥಿಗಳಿಗೆ ಊದಿಕೊಡುವ ದಪ್ಪ ಗಾಳಿಹಾಸಿಗೆ ಮೆತ್ತಗಿರುತ್ತದೆ, ಆದರೆ ಒಳಗೆ ಗಾಳಿ ಸುತ್ತುತ್ತಲೇ ಇರುವುದರಿಂದ ಮೈಯ ಶಾಖವನ್ನು ನೆಲಕ್ಕೆ ಸಾಗಿಸಿಬಿಡುತ್ತದೆ. ರೂಫ್‌ಟಾಪ್ ಟೆಂಟ್ ಮತ್ತು ತೂಗುಹಾಸಿಗೆಗಳ ಅಡಿಯಲ್ಲಿ ನೆಲದ ಬದಲು ಗಾಳಿ ಬೀಸುತ್ತದೆ. ಅದು ನೆಲಕ್ಕಿಂತ ಬೇಗ ಶಾಖ ಕದಿಯುತ್ತದೆ. ಹಣ ಎಲ್ಲಿ ಉಳಿಸಲಿ ಎಂದು ಕೇಳುವವರಿಗೆ ನಾನು ಟೆಂಟಿನಲ್ಲಿ ಉಳಿಸಿ, ಮ್ಯಾಟಿನಲ್ಲಿ ಬೇಡ ಎನ್ನುತ್ತೇನೆ.

ಹಾಗಾದರೆ ತೀರ್ಮಾನಿಸುವುದು ಹೇಗೆ? ಮೊದಲು ಗಾಡಿಯ ಕೈಪಿಡಿಯಲ್ಲಿ ಚಾವಣಿಯ ಮಿತಿ ನೋಡಿ; ಅರ್ಧದಷ್ಟು ಜನರ ಪ್ರಶ್ನೆ ಅಲ್ಲೇ ಬಗೆಹರಿಯುತ್ತದೆ. ಆಮೇಲೆ, ಒಂದು ಜಾಗದಲ್ಲಿ ಸರಾಸರಿ ಎಷ್ಟು ರಾತ್ರಿ ಇರುತ್ತೀರಿ ಎಂದು ಪ್ರಾಮಾಣಿಕವಾಗಿ ಎಣಿಸಿ. ದಿನಕ್ಕೊಂದು ಜಾಗವಾದರೆ ಗಾಡಿಗೆ ಅಂಟಿದ ಹಾಸಿಗೆ, ಎರಡು ಮೂರು ರಾತ್ರಿ ಒಂದೇ ಕಡೆಯಾದರೆ ಬಿಡಿ ಟೆಂಟು. ದಾರಿ ತೀರಾ ಕಡಿದಾಗಿದ್ದರೆ, ಪಕ್ಕಕ್ಕೆ ವಾಲಿದ್ದರೆ, ಅಂಕಿ ಒಪ್ಪಿದರೂ ನೆತ್ತಿಯ ಭಾರ ಬೇಡ. ಮಕ್ಕಳಿದ್ದರೆ ಅವರು ರಾತ್ರಿ ಎದ್ದಾಗ ನೆಲ ಕೈಗೆ ಸಿಗುವಂತಿರಲಿ.

ಕೊಂಡ ಮೇಲೆ ಹೊರಡುವ ಮೊದಲು, ಮನೆಯ ಬಳಿಯೇ ಕತ್ತಲಲ್ಲಿ, ತಲೆಗೆ ಟಾರ್ಚ್ ಕಟ್ಟಿಕೊಂಡು ಒಮ್ಮೆ ಹೂಡಿ, ಒಂದು ರಾತ್ರಿ ಅದರಲ್ಲೇ ಮಲಗಿ. ಮೇಲೆ ಪೈಪಿನಿಂದ ನೀರು ಬಿಟ್ಟು ಹೊಲಿಗೆಗಳಲ್ಲಿ ಒಸರುತ್ತದೆಯೇ ಎಂದು ಒಳಗಿನಿಂದ ಬೆರಳಾಡಿಸಿ ನೋಡಿ. ಯಾವ ಗೂಟ ಕಡಿಮೆ, ಯಾವ ಜಿಪ್ ಸಿಕ್ಕಿಕೊಳ್ಳುತ್ತದೆ, ಮಡಿಸಿದ್ದು ಚೀಲಕ್ಕೆ ತಿರುಗಿ ಹಿಡಿಯುತ್ತದೆಯೇ ಎಂಬುದೆಲ್ಲ ಆ ಒಂದು ರಾತ್ರಿಯಲ್ಲಿ ತಿಳಿಯುತ್ತದೆ. ಒದ್ದೆಯಾಗಿಯೇ ಮಡಿಸಬೇಕಾಗಿ ಬಂದ ಟೆಂಟನ್ನು, ಅದು ಚಾವಣಿಯ ಮೇಲಿರಲಿ ಚೀಲದೊಳಗಿರಲಿ, ಮರುದಿನವೇ ಬಿಚ್ಚಿ ಗಾಳಿಗೆ ಹಾಕಬೇಕು. ಎರಡು ದಿನ ತಡವಾದರೂ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಕರೀ ಚುಕ್ಕೆ ಹೋಗುವುದಿಲ್ಲ.